ಮಣ್ಣಿಗೆ ಕಳೆದ ಎರಡು ಸೇರು

ಪರದೇಶದವರು ದಾನವಾಗಿ ಕಳಿಸಿದ ಹಾಲಿನ ಪುಡಿಯನ್ನು ಆರು ತಿಂಗಳು ಕದಡಿ ಕುಡಿಸಿದ ಮೇಲೆ ಕೊಣನೂರಿನ ಶಾಲೆಯ ಮಕ್ಕಳ ತೂಕ ಏನಾಗಿತ್ತು, ಹೇಳಿ ನೋಡೋಣ? ಏರಿತ್ತು ಅಂತೀರಿ. ಇಲ್ಲ ಸ್ವಾಮಿ, ಒಂದೊಂದು ಮಗುವೂ ಒಂದೊಂದು ಸೇರು ಇಳಿದಿತ್ತು.

ನಾನಾಗ ಅರಕಲಗೂಡಿನ ಬ್ಲಾಕ್ ಆಫೀಸಿನಲ್ಲಿದ್ದೆ. ಪುಡಿಯ ಫಲ ಅಳೆಯಲು ಬಂದ ಬಿಳಿ ದೊರೆ, ತೂಕ ಏರದಿದ್ದರೆ ಪುಡಿ ನಿಲ್ಲುತ್ತದೆ ಎಂದು ಮೊದಲೇ ಹೇಳಿದ್ದ. ಅವನು ತಂದಿದ್ದ ತೂಕದ ಯಂತ್ರ ಜೀಪಿನ ಕುಲುಕಾಟಕ್ಕೆ ಮುರಿದುಹೋಗಿ, ಆಲೂಗೆಡ್ಡೆ ಮಂಡಿಯ ಸಿದ್ದಪ್ಪನನ್ನು ತಕ್ಕಡಿ ಸಮೇತ ಶಾಲೆಗೆ ಕರೆಸಿದ್ದೆವು. ಇಳಿದ ತೂಕ ಕೇಳಿ ಹೆಡ್‌ಮಾಸ್ತರರ ಮುಖ ಬಿಳಿಚಿಕೊಂಡಿತು.

“ಸಿದ್ದಪ್ಪ, ಸರಿಯಾಗಿ ತೂಗಿದೆಯೇನಯ್ಯ?” ಅಂದೆ.

“ಸರಿಯಾಗೇ ತೂಗಿವ್ನಿ ಸಾ. ಮಣ್ಣಿಗೆ ಅಂತ ತಲೆಗೆ ಎರಡು ಸೇರು ಕಳ್ದೆ, ಅಷ್ಟೆ.”

“ಯಾವ ಮಣ್ಣು?”

“ಐಕ್ಳ ಕಾಲು ನೋಡಿ ಸಾ, ಮೊಣಕಾಲ್ಗಂಟ ಕೆಸರು. ಆಲೂಗೆಡ್ಡೆಗೂ ಅಂಗೇ ಕಳೀತೀನಿ. ಐಕ್ಳು ಅಂತ ಇವಕ್ಕೆ ಬಿಟ್ರೆ, ನಾಳೆ ರೈತ್ರು ಸುಮ್ಕಿರ್ತಾರಾ?”

ಆ ಎರಡು ಸೇರನ್ನು ಮಕ್ಕಳಿಗೆ ವಾಪಸು ಕೊಡಿಸಲು ಅವನನ್ನು ಅರ್ಧ ಗಂಟೆ ಗೋಗರೆದೆ. ಕೊನೆಗೆ, ಇದೊಂದು ಸಲ ಮಾತ್ರ ಅಂತ ಹೇಳಿ ಕೊಟ್ಟ. ಮಕ್ಕಳೆಲ್ಲ ಒಂದೊಂದು ಸೇರು ಏರಿದರು. ಎಲ್ಲ ಹಾಲಿನ ಮಹಿಮೆ ಎಂದು ಬರೆದುಕೊಂಡ ದೊರೆ ನನ್ನ ಕೈ ಕುಲುಕಿದ. ಪುಡಿ ಉಳಿಯಿತು.

ಮಕ್ಕಳು ಮನೆಮನೆ ಸುತ್ತಿ ಹೊಟ್ಟೆ ಬಿರಿಯುವಷ್ಟು ಕಡುಬು ತಿಂದು ಬಂದಿದ್ದಾರೆ ಅಂತ ಮಾತ್ರ ನಾನು ಅವನಿಗೆ ಬಿಡಿಸಿ ಹೇಳಲಿಲ್ಲ. ಅಂದು ಅರವತ್ತೊಂದನೇ ಇಸವಿಯ ಗಣೇಶನ ಹಬ್ಬದ ಮಾರನೇ ದಿನ.