ಯಾರೂ ಕೇಳದಿದ್ದರೂ ನಾಲ್ಕರಲ್ಲಿ ನಿಲ್ಲುವ ಲಿಫ್ಟು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಆಸ್ಪತ್ರೆಯ ನೆಲಮಹಡಿಯಲ್ಲಿ ಒರೆಸಿದ ಒದ್ದೆ ಆರಿಲ್ಲ, ಚೀಟಿ ಕೊಡುವ ಕಿಟಕಿ ತೆರೆದಿಲ್ಲ. ನಲವತ್ತಾರು ವರ್ಷದ ಹೆಂಗಸೊಬ್ಬರು ಒಂದನೇ ನಂಬರಿನ ಲಿಫ್ಟಿನೊಳಗೆ ಕಾಲಿಟ್ಟು, ಮೂಲೆಯಲ್ಲಿರುವ ಮರದ ಸ್ಟೂಲನ್ನೊಮ್ಮೆ ಮುಟ್ಟಿ, ಬಾಗಿಲು ಮುಚ್ಚಿ, ಎಂಟನೇ ಮಹಡಿಯ ಗುಂಡಿ ಒತ್ತುತ್ತಾರೆ. ಜೊತೆಗೆ ಯಾರೂ ಇಲ್ಲ. ಮೇಲೆ ಹೋಗಿ ಕೆಳಗೆ ಬರಲು ಒಂದು ನಿಮಿಷ ಇಪ್ಪತ್ತು ಸೆಕೆಂಡು ಬೇಕು. ಬಂದಿಳಿದ ಮೇಲೆ ಯೂನಿಫಾರ್ಮಿನ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ‘ಎರಡು’ ಎಂದು ಬರೆದುಕೊಳ್ಳುತ್ತಾರೆ. ಹತ್ತರಲ್ಲಿ ಎರಡು. ಇವತ್ತಿನ ಭಯ ಅಷ್ಟೇ.

ಲಿಫ್ಟಿಗೆ ಹೆದರುವ ಲಿಫ್ಟ್ ಆಪರೇಟರ್ ಎಂದರೆ ಯಾರಿಗಾದರೂ ನಗು ಬರುತ್ತದೆ. ಎಲ್ಲರಿಗಿಂತ ಮೊದಲು ನಗುವವರು ಅವರೇ. ಇಡೀ ಆಸ್ಪತ್ರೆಗೆ ಅವರು ‘ಲಿಫ್ಟಕ್ಕ’. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಾರೆ, ಕಸ ಗುಡಿಸುವವರೂ ಹಾಗೇ ಕರೆಯುತ್ತಾರೆ. ಹದಿನೇಳು ವರ್ಷಗಳಿಂದ ಅದೇ ಸ್ಟೂಲು, ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗಿನ ಅದೇ ಪಾಳಿ. ದಿನಕ್ಕೆ ನೂರಿಪ್ಪತ್ತು ಸಲವಾದರೂ ಹತ್ತಿಳಿಯುತ್ತಾರೆ. ಸ್ಟ್ರೆಚರು, ಗಾಲಿಕುರ್ಚಿ, ಊಟದ ಟ್ರಾಲಿ ಎಲ್ಲದರ ಜೊತೆ ಸಾವಿರ ಜನರನ್ನು ಅವರವರ ಮಹಡಿಗೆ ಮುಟ್ಟಿಸುತ್ತಾರೆ. ‘ದಿನಾ ಇಷ್ಟು ಓಡಾಡಿದ್ರೂ ಊರು ದಾಟಿಲ್ಲ ನೋಡಿ’ ಎನ್ನುತ್ತಾರೆ.

ಆರು ವರ್ಷಗಳ ಹಿಂದೆ ಈ ಲಿಫ್ಟು ಎರಡು ಮತ್ತು ಮೂರನೇ ಮಹಡಿಯ ನಡುವೆ ಕೈಕೊಟ್ಟಿತು. ಒಳಗೆ ಹನ್ನೊಂದು ಮಂದಿ, ಅವರಲ್ಲಿ ಒಬ್ಬಾಕೆ ತುಂಬು ಗರ್ಭಿಣಿ. ನಲವತ್ತು ನಿಮಿಷ ಲಿಫ್ಟಕ್ಕ ಒಬ್ಬೊಬ್ಬರ ಮಕ್ಕಳ ಹೆಸರು ಕೇಳುತ್ತಾ, ತಮ್ಮ ಅತ್ತೆಯ ಗೊರಕೆಯ ಕಥೆ ಹೇಳುತ್ತಾ ಎಲ್ಲರ ಜೀವ ಹಿಡಿದಿಟ್ಟರು. ಹೊರಬಂದಾಗ ಜನ ಚಪ್ಪಾಳೆ ತಟ್ಟಿದರು. ಮೂರು ವಾರ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ಬಾಗಿಲು ಮುಚ್ಚಿದ್ದೇ ತಡ ಎದೆ ಡವಡವ ಎಂದು, ಕೈಕಾಲು ತಣ್ಣಗಾಗಿ, ಕಣ್ಣು ಕತ್ತಲಿಟ್ಟಿತು.

ಹೃದಯದ ಕಾಯಿಲೆ ಎಂದುಕೊಂಡರು. ಮೂರು ಸಲ ಇಸಿಜಿ ಮಾಡಿಸಿದರೂ ಎದೆ ಗಟ್ಟಿಯಾಗಿದೆ ಎಂದೇ ಬಂತು. ಗಂಡ ಗ್ಯಾಸು ಎಂದರು. ಸೊಸೆ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ ಎಂದರು ಅತ್ತೆ. ಇತ್ತ ಲಿಫ್ಟಕ್ಕ ದಿನಕ್ಕೊಂದು ನೆಪ ಹೇಳಿ ರಜೆ ಹಾಕತೊಡಗಿದರು. ಹೀಗೇ ಆದರೆ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಬೇಕಾಗುತ್ತದೆ ಎಂದು ಸೂಪರ್‌ವೈಸರ್ ಗುಡುಗಿದರು. ಕೊನೆಗೆ ಇಸಿಜಿ ತೆಗೆಯುವ ಹಿರಿಯ ನರ್ಸು ಕಿವಿಯ ಹತ್ತಿರ ಬಂದು, ನಾಲ್ಕನೇ ಮಹಡಿಗೊಮ್ಮೆ ಹೋಗಿ ಬಾ ಎಂದರು.

ಮೂರನೆಯದು ಕಣ್ಣಿನ ವಿಭಾಗ, ಐದನೆಯದು ಚರ್ಮದ್ದು, ನಡುವಿನ ನಾಲ್ಕನೆಯದು ಮನಸ್ಸಿನದು. ಹನ್ನೊಂದು ವರ್ಷ ಆ ಮಹಡಿಗೆ ಜನರನ್ನು ಮುಟ್ಟಿಸಿದ ಲಿಫ್ಟಕ್ಕನಿಗೆ ತಾವು ಅಲ್ಲಿ ಇಳಿಯುವುದೆಂದರೆ ತಲೆ ಹೋದಷ್ಟು ಅವಮಾನ. ಲಿಫ್ಟಿನವಳೇ ಮೆಟ್ಟಿಲು ಹತ್ತಿದರೆ ಕಂಡವರು ಕೇಳಿಯಾರೆಂದು, ಜೀವ ಬಿಗಿಹಿಡಿದು ಎರಡನೇ ನಂಬರಿನ ಲಿಫ್ಟು ಹತ್ತಿ, ಅಲ್ಲಿನ ಆಪರೇಟರ್ ಅಣ್ಣನಿಗೆ ‘ಐದು’ ಎಂದರು. ಏನಾಯಿತು ಎಂದು ಅವರು ಕೇಳಿದ್ದಕ್ಕೆ ತುರಿಕೆ ಎಂದರು. ಐದರಲ್ಲಿ ಇಳಿದು, ಮೆಟ್ಟಿಲ ಮೂಲಕ ಕಳ್ಳರಂತೆ ನಾಲ್ಕಕ್ಕೆ ಬಂದರು. ಮರುದಿನ ಆ ಅಣ್ಣ ಮುಲಾಮಿನ ಡಬ್ಬಿಯನ್ನೇ ತಂದುಕೊಟ್ಟರು, ತಿಂಗಳುಗಟ್ಟಲೆ ತುರಿಕೆ ಹೇಗಿದೆ ಎಂದು ವಿಚಾರಿಸಿದರು. ಪಾಪ, ಒಳ್ಳೆಯ ಮನುಷ್ಯ.

ಸರಿಯಾದ ಕೈ ಸಿಕ್ಕಿದ್ದು ಸುಲಭಕ್ಕಲ್ಲ. ಡಾಕ್ಟರು ಕೊಟ್ಟ ಮಾತ್ರೆಯಿಂದ ನಿದ್ದೆ ಬಂತು, ಲಿಫ್ಟಿನ ಭಯ ಮಾತ್ರ ಜಗ್ಗಲಿಲ್ಲ. ಮಾತಿನ ಚಿಕಿತ್ಸೆಗೆ ಎರಡು ತಿಂಗಳು ಕಾಯಬೇಕಿತ್ತು. ಕಾಯಲಾಗದೆ ಹೊರಗೆ ಒಬ್ಬರ ಹತ್ತಿರ ಹೋದರೆ, ಅವರು ಮುಕ್ಕಾಲು ಗಂಟೆ ತಮ್ಮ ಪ್ರತಾಪವನ್ನೇ ಕೊಚ್ಚಿಕೊಂಡರು. ಇನ್ನೊಬ್ಬರು ಆ ಕೆಲಸವನ್ನೇ ಬಿಟ್ಟುಬಿಡಿ ಎಂದರು. ಅಷ್ಟರಲ್ಲಿ ನಾಲ್ಕನೇ ಮಹಡಿಯಲ್ಲಿ ಸರದಿ ಬಂತು. ಅಲ್ಲಿದ್ದ ಚಿಕಿತ್ಸಕಿ ವಯಸ್ಸಿನಲ್ಲಿ ತುಂಬಾ ಚಿಕ್ಕವರು. ಲಿಫ್ಟಿನಲ್ಲಿ ಏನಾದೀತೆಂದು ಭಯ ಎಂದು ಕೇಳಿದರು. ಸತ್ತುಹೋಗುತ್ತೇನೆ ಎಂದರು ಲಿಫ್ಟಕ್ಕ. ‘ಇಲ್ಲೀವರೆಗೆ ಎಷ್ಟು ಸಲ ಸತ್ತಿದ್ದೀರಿ?’ ಎಂದರು ಆಕೆ. ಎಷ್ಟೋ ತಿಂಗಳ ಮೇಲೆ ಲಿಫ್ಟಕ್ಕ ಮನಸ್ಸು ಬಿಚ್ಚಿ ನಕ್ಕಿದ್ದು ಅವತ್ತೇ.

ಚಿಕಿತ್ಸೆಗೆ ಐದು ತಿಂಗಳು ಹಿಡಿಯಿತು, ಅಲ್ಲಿಯವರೆಗೆ ಸ್ಟೂಲಿನ ಮೇಲೆ ಬದಲಿ ಆಪರೇಟರ್. ಮೊದಲ ವಾರ ಲಿಫ್ಟಿನ ಹೊರಗೆ ಸುಮ್ಮನೆ ನಿಲ್ಲುವುದು. ಆಮೇಲೆ ಬಾಗಿಲು ತೆರೆದಿಟ್ಟು ಸ್ಟೂಲಿನ ಮೇಲೆ ಕೂರುವುದು. ಆಮೇಲೆ ಒಂದೇ ಒಂದು ಮಹಡಿ, ಅದೂ ಚಿಕಿತ್ಸಕಿ ಪಕ್ಕದಲ್ಲಿ ನಿಂತು. ಪ್ರತಿ ಸಲವೂ ಭಯಕ್ಕೆ ಹತ್ತರಲ್ಲಿ ಎಷ್ಟು ಎಂದು ಅಂಕ ಕೊಡಬೇಕು. ಮನೆಯಲ್ಲಿ ಗಂಡನಿಗೆ ಇದು ಅರ್ಥವಾಗಲಿಲ್ಲ. ಮಾತಾಡೋಕೆ ನಾಲ್ಕನೇ ಮಹಡಿಗೇ ಹೋಗಬೇಕೇ, ನಾವಿಲ್ಲವೇ ಎಂದು ಮುನಿಸಿಕೊಂಡರು. ‘ನೀವು ಉತ್ತರ ಕೊಡ್ತೀರಿ, ಅವರು ಕೇಳಿಸ್ಕೋತಾರೆ’ ಎಂದರು ಲಿಫ್ಟಕ್ಕ. ಅಂದಿನಿಂದ ಗಂಡ ಕೇಳಿಸಿಕೊಳ್ಳುವುದನ್ನು ಕಲಿಯುತ್ತಿದ್ದಾರೆ. ಇನ್ನೂ ಪಾಸಾಗಿಲ್ಲವಂತೆ.

ಭಯ ಪೂರ್ತಿ ಹೋಗಿದೆಯೇ ಎಂದರೆ ಲಿಫ್ಟಕ್ಕ ಸುಳ್ಳು ಹೇಳುವುದಿಲ್ಲ. ‘ಒಂದೊಂದು ದಿನ ಬರತ್ತೆ. ಬಂದ್ರೆ ಬರಲಿ. ಎರಡು ಮಹಡಿ ಜೊತೆಗೆ ಬಂದು ಇಳ್ಕೊಂಡು ಹೋಗತ್ತೆ.’

ಆದರೆ ಅವರನ್ನು ಇವತ್ತಿಗೂ ಕೊರೆಯುವ ಒಂದು ವಿಷಯವಿದೆ. ಚಿಕಿತ್ಸೆ ಮುಗಿದ ಹೊಸತರಲ್ಲಿ ಹುಮ್ಮಸ್ಸು ಜಾಸ್ತಿ ಇತ್ತು. ನಾಲ್ಕಕ್ಕೆ ಹೋಗುವವರು ‘ಮೂರು’ ಎಂದು ಹೇಳಿ, ಅಲ್ಲಿಂದ ಮೆಟ್ಟಿಲು ಹತ್ತುವುದು ಅವರಿಗೆ ನೋಡಿದೊಡನೆ ಗೊತ್ತಾಗುತ್ತಿತ್ತು. ನಾಲ್ಕನೇ ಮಹಡಿಯ ಫೈಲು ಹಳದಿ ಬಣ್ಣದ್ದು, ಅದನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಾರೆ. ಒಂದು ದಿನ ನೀಲಿ ಚೀಲದವರೊಬ್ಬರು ಹಾಗೆ ನಿಂತು ‘ಮೂರು’ ಎಂದರು. ಲಿಫ್ಟಕ್ಕ ತುಂಬಿದ ಲಿಫ್ಟಿನಲ್ಲಿ, ನಿಮಗೆ ನಾಲ್ಕಲ್ಲವೇ ಎಂದು ಕೇಳಿಬಿಟ್ಟರು. ಒಳ್ಳೆಯದಕ್ಕೇ ಕೇಳಿದ್ದು. ಆ ಮನುಷ್ಯನ ಮುಖ ಕಪ್ಪಿಟ್ಟಿತು. ಮೂರರಲ್ಲಿ ಇಳಿದವರು ಮೆಟ್ಟಿಲು ಹತ್ತಲಿಲ್ಲ, ಇಳಿದರು. ಲಿಫ್ಟು ಕೆಳಗೆ ಬಂದಾಗ ನೀಲಿ ಚೀಲ ಗೇಟು ದಾಟುತ್ತಿತ್ತು. ಐದು ವರ್ಷವಾಯಿತು, ಅವರು ಮತ್ತೆ ಬರಲಿಲ್ಲ.

ಅವತ್ತಿನಿಂದ ಒಂದನೇ ನಂಬರಿನ ಲಿಫ್ಟು ಯಾರೂ ಕೇಳದಿದ್ದರೂ ನಾಲ್ಕರಲ್ಲಿ ನಿಲ್ಲುತ್ತದೆ. ಹೋಗುವಾಗಲೂ, ಬರುವಾಗಲೂ. ಲಿಫ್ಟಕ್ಕ ಯಾರ ಮುಖವನ್ನೂ ನೋಡುವುದಿಲ್ಲ, ಗುಂಡಿಗಳನ್ನೇ ನೋಡುತ್ತಾ ಮೂರರಲ್ಲಿ ಎಲ್ಲರಿಗೂ ಕೇಳುವಂತೆ ‘ಮುಂದೆ ನಾಲ್ಕರಲ್ಲೂ ನಿಲ್ಲತ್ತೆ’ ಎನ್ನುತ್ತಾರೆ. ಇಳಿಯಬೇಕಾದವರು ಬಾಯಿ ಬಿಡಬೇಕಿಲ್ಲ, ಒಂದು ಹೆಜ್ಜೆ ಇಟ್ಟರೆ ಸಾಕು. ಕರೆಂಟು ದಂಡ, ಹೊತ್ತು ದಂಡ ಎಂದು ಆಫೀಸಿನವರು ಎರಡು ಸಲ ಕರೆಸಿ ಕೇಳಿದ್ದಾರೆ. ಲಿಫ್ಟು ಹಳೆಯದು, ಅದಕ್ಕೆ ಅದೇ ರೂಢಿಯಾಗಿದೆ ಎಂದು ಸಾಗಹಾಕಿ ಬಂದಿದ್ದಾರೆ.

ಮೂರು ತಿಂಗಳಿಗೊಮ್ಮೆ ಲಿಫ್ಟಕ್ಕನಿಗೂ ನಾಲ್ಕರಲ್ಲಿ ತಪಾಸಣೆ ಇರುತ್ತದೆ. ಇವತ್ತು ಆ ದಿನ. ಹತ್ತೂವರೆಗೆ ಬದಲಿ ಆಪರೇಟರನ್ನು ಸ್ಟೂಲಿನ ಮೇಲೆ ಕೂರಿಸಿ, ಯೂನಿಫಾರ್ಮಿನಲ್ಲೇ ಜನರ ನಡುವೆ ನಿಲ್ಲುತ್ತಾರೆ. ಕೈಯಲ್ಲಿ ಹಳದಿ ಫೈಲು. ಮುಂದೆ ನಿಂತ ಹೆಂಗಸೂ ಅಂಥದೇ ಫೈಲನ್ನು ಎದೆಗೆ ಒತ್ತಿಕೊಂಡಿದ್ದಾರೆ. ಆಕೆ ‘ಮೂರು’ ಎನ್ನುತ್ತಾರೆ, ಕೇಳಿಯೂ ಕೇಳದಷ್ಟು ಮೆಲ್ಲಗೆ.

‘ನಂಗೆ ನಾಲ್ಕು’ ಎನ್ನುತ್ತಾರೆ ಲಿಫ್ಟಕ್ಕ, ಹಾಲು ಮೊಸರು ಕೇಳುವಷ್ಟು ಸಲೀಸಾಗಿ. ‘ಇವತ್ತು ನನ್ನ ಸರದಿ.’

ಪಕ್ಕದಲ್ಲಿದ್ದ ಇಬ್ಬರು ತಿರುಗಿ ನೋಡುತ್ತಾರೆ. ಮೂರರಲ್ಲಿ ಬಾಗಿಲು ತೆರೆಯುತ್ತದೆ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜನೊಬ್ಬರು ಮಗಳ ಕೈಹಿಡಿದು ಇಳಿಯುತ್ತಾರೆ. ಫೈಲಿನ ಹೆಂಗಸು ನಿಂತಲ್ಲಿಂದ ಕದಲುವುದಿಲ್ಲ. ಬಾಗಿಲು ಮುಚ್ಚುತ್ತದೆ. ನಾಲ್ಕರಲ್ಲಿ ಆಕೆಯೂ ಲಿಫ್ಟಕ್ಕನೂ ಇಳಿಯುತ್ತಾರೆ, ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಾರೆ.

ಪಾಳಿ ಮುಗಿಸಿ ಸ್ಟೂಲು ಒರೆಸುವಾಗ, ನಿಮಗೇನು ಆಸೆ ಎಂದು ಕೇಳಿದರೆ ಲಿಫ್ಟಕ್ಕ ಗೇಟಿನ ಕಡೆ ನೋಡುತ್ತಾರೆ. ‘ಆ ನೀಲಿ ಚೀಲದವರು ಒಂದ್ಸಲ ಬರಲಿ’ ಎನ್ನುತ್ತಾರೆ. ‘ಮೂರು ಅಂತಾನೇ ಹೇಳಲಿ. ನಾನೇನೂ ಕೇಳಲ್ಲ. ನಾಲ್ಕರಲ್ಲಿ ನಿಲ್ಲಿಸ್ತೀನಿ, ಅಷ್ಟೇ.’