ಕಿವಿಗೆ ಬೀಳುವ ತನಕ

ನದಿ ಅಂದರೆ ಏನು ಅಂತ ನಮ್ಮ ಕೋಲಾರ ಜಿಲ್ಲೆಯವರಿಗೆ ಯಾರಾದರೂ ಹೇಳಿಕೊಡಬೇಕು. ಪಾಲಾರ್ ಅಂತ ಒಂದು ಹೆಸರಿದೆ, ಅದರ ಮೇಲೆ ಸೇತುವೆಗಳೂ ಇವೆ, ನೀರು ಮಾತ್ರ ಮಳೆ ಮನಸ್ಸು ಮಾಡಿದ ವರ್ಷ. ನಾನು ಹುಟ್ಟಿದ್ದು ಮುಳಬಾಗಿಲಿನಲ್ಲಿ, ಮದುವೆಯಾಗಿ ಬಂದದ್ದು ಶಿವಾರಪಟ್ಟಣಕ್ಕೆ, ನಿವೃತ್ತಿಯವರೆಗೆ ಕನ್ನಡ ಪಾಠ ಹೇಳಿದ್ದು ಮಾಲೂರಿನ ಒಂದು ಹೈಸ್ಕೂಲಿನಲ್ಲಿ. ಈ ಮೂರು ಕಡೆಯೂ ನಾನು ಕಂಡ ದೊಡ್ಡ ನೀರು ಅಂದರೆ ಕೆರೆ. ಹಾಗಾಗಿ ಪೋರ್ಚುಗಲ್‌ನ ಆ ಪುಟ್ಟ ಊರಿನ ಸ್ಟೇಷನ್ನಿನಲ್ಲಿ ರೈಲಿಳಿದು, ಎದುರಿಗೇ ಅಷ್ಟಗಲ ಹಸಿರು ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಂತೆ ಇರುವುದನ್ನು ಕಂಡಾಗ ನನ್ನ ಬಾಯಿಂದ ಬಂದ ಮಾತು ಇದು: "ಏನ್ರೀ, ಕೆರೆ ಕೋಡಿ ಬೀಳೋ ಹಂಗೆ ತುಂಬೈತೆ!"

"ಕೆರೆ ಅಲ್ವೇ, ಹೊಳೆ," ಅಂದರು ನಮ್ಮವರು. ಅವರೇನು ಹೊಳೆಯ ದಡದಲ್ಲಿ ಹುಟ್ಟಿದವರಲ್ಲ. ಆದರೂ ಗಂಡ ಅಂದಮೇಲೆ ತಿದ್ದಬೇಕಲ್ಲ.

ಆ ಹೊಳೆಯ ಹೆಸರು ದೋರು. ಎರಡೂ ದಡದಲ್ಲಿ ಬೆಟ್ಟ, ಬೆಟ್ಟದ ತುಂಬ ಕಲ್ಲು ಕಟ್ಟಿದ ಮೆಟ್ಟಿಲು, ಮೆಟ್ಟಿಲು ಮೆಟ್ಟಿಲಿಗೂ ದ್ರಾಕ್ಷಿ. ನಮ್ಮ ಕಡೆ ದ್ರಾಕ್ಷಿ ಚಪ್ಪರದ ಮೇಲೆ ಹಬ್ಬುತ್ತದೆ, ತಲೆಯೆತ್ತಿ ಕೀಳಬೇಕು. ಅಲ್ಲಿ ಸೊಂಟದೆತ್ತರದ ಗಿಡ, ಬಗ್ಗಿ ಕೀಳಬೇಕು. ಕಿತ್ತದ್ದನ್ನು ಯಾರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ, ಎಲ್ಲ ವೈನಿಗೆ. ಅಷ್ಟು ಹಣ್ಣು ತುಳಿದು ರಸ ಮಾಡುವುದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ನಾವು ಅಲ್ಲಿಗೆ ಹೋದದ್ದು ಊರು ನೋಡುವುದಕ್ಕಲ್ಲ. ನಮ್ಮವರು ಶಿಲ್ಪಿ. ಆ ಊರಿನ ಒಂದು ದ್ರಾಕ್ಷಿತೋಟದ ಯಜಮಾನಿ ಹಿಂದೊಮ್ಮೆ ಶಿವಾರಪಟ್ಟಣಕ್ಕೆ ಬಂದಿದ್ದಳು. ಮನೆಯಂಗಳದಲ್ಲಿ ಕೂತು ಕಲ್ಲು ಕೆತ್ತುತ್ತಿದ್ದ ಇವರ ಮುಂದೆ ಒಂದು ಮಧ್ಯಾಹ್ನವಿಡೀ ಕೂತಿದ್ದು, ತನ್ನ ತೋಟದ ಅಂಗಳದಲ್ಲಿ, ಹೊಳೆಯ ಕಡೆಗೆ ಮುಖ ಮಾಡಿದ ಒಂದು ವಿಗ್ರಹ ಬೇಕು, ಅಲ್ಲಿಯ ಕಲ್ಲಿನಲ್ಲೇ ಆಗಬೇಕು ಅಂದಳು. ನದಿಯನ್ನು ಹೆಣ್ಣಾಗಿ ಕೆತ್ತುವ ಜನ ನೀವೇ ಅಂತೆ. ನದಿಯೇ ಇಲ್ಲದ ಊರಿನವರಿಗೆ ಎಂಥ ಹೆಸರು ನೋಡಿ!

ಇವರು ಒಪ್ಪಲಿಲ್ಲ. ನಮ್ಮ ಒಬ್ಬಳೇ ಮಗಳು ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಳು, ಆಗ ಬಸುರಿ. ಎರಡು ಸಲ ಕಳೆದುಕೊಂಡು ನಿಂತ ಬಸಿರು ಅದು. ಅವಳನ್ನು ಬಿಟ್ಟು ಎರಡು ತಿಂಗಳು ಸಮುದ್ರದಾಚೆ ಹೋಗುವುದು ಅಂದರೆ ಇವರಿಗೆ ಎದೆ ಒಡೆದಂತೆ. ಒಪ್ಪಿಸಿದ್ದು ಇವರ ದೊಡ್ಡಪ್ಪ. ಇವರಿಗೆ ಉಳಿ ಹಿಡಿಯುವುದನ್ನು ಕಲಿಸಿದವರು ಅವರೇ. "ನಿನ್ ಮಗಳನ್ನ ಕಾಯಕ್ಕೆ ಅಳಿಯ ಅವ್ನೆ, ನಾನ್ ಇದೀನಿ. ನೀನಿಲ್ಲಿ ಕೂತ್ಕೊಂಡು ಹೆರಿಗೆ ಮಾಡಿಸ್ತೀಯೇನ್ಲಾ? ಹೋಗು," ಅಂದರು. ಕಾರ್ಖಾನೆಗೆ ರಜೆ ಹಾಕಿ ಮಗಳು ನಮ್ಮ ಮನೆಗೇ ಬಂದಳು. ನಾವು ಹೊರಟೆವು.

ಹೋದ ಕೆಲಸ ನೆಟ್ಟಗೆ ಆಯಿತು. ಯಜಮಾನಿ ನಮಗೆ ಅಂಗಳದ ಪಕ್ಕದ ಸಣ್ಣ ಮನೆ ಕೊಟ್ಟಿದ್ದಳು. ನಾನು ಹೊತ್ತು ತಂದಿದ್ದ ರಾಗಿ ಹಿಟ್ಟಿನಲ್ಲಿ ದಿನಾ ಮುದ್ದೆ ತಿರುವುತ್ತಿದ್ದೆ. ಬೂದು ಬಣ್ಣದ ಕಲ್ಲಿನಿಂದ ಮೊದಲು ಮೊಸಳೆ ಬಂತು, ಆಮೇಲೆ ಅದರ ಮೇಲೆ ನಿಂತ ಗಂಗೆ ಬಂದಳು. ಕೈಯಲ್ಲಿ ಕಲಶದ ಬದಲು ದ್ರಾಕ್ಷಿಗೊಂಚಲು ಇರಲಿ ಅಂತ ಯಜಮಾನಿ ಕೇಳಿದಾಗ ಇವರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಕೊನೆಗೆ ಒಂದು ಕೈಗೆ ಕಲಶ, ಇನ್ನೊಂದಕ್ಕೆ ಗೊಂಚಲು ಕೊಟ್ಟು ರಾಜಿಯಾದರು. ಉಳಿದದ್ದು ಕಣ್ಣು.

ಕಣ್ಣು ನಮ್ಮಲ್ಲಿ ಕೊನೆಗೆ. ಮಿಕ್ಕದ್ದೆಲ್ಲ ಮುಗಿದು, ಸ್ನಾನ ಮಾಡಿ, ದೀಪ ಹಚ್ಚಿ, ತುದಿಗೆ ಚಿನ್ನ ಮುಟ್ಟಿಸಿದ ಸಣ್ಣ ಉಳಿಯಿಂದ ಕಣ್ಣಿನ ಗುಡ್ಡೆಯ ಗೆರೆ ಕೊರೆಯಬೇಕು. ಅಲ್ಲಿಯವರೆಗೆ ಅದು ಕಲ್ಲು. ಕಣ್ಣು ತೆರೆದಾಗ ಎದುರಿಗೆ ಯಾರೂ ನಿಲ್ಲಬಾರದು, ಮೊದಲ ನೋಟ ಕನ್ನಡಿಯ ಮೇಲೆ ಬೀಳಬೇಕು. ಪಕ್ಕದಿಂದ ಕನ್ನಡಿ ಹಿಡಿಯುವ ಕೆಲಸ ಅಲ್ಲಿ ನನ್ನದು. ಇದೆಲ್ಲಕ್ಕಿಂತ ಮುಖ್ಯವಾದ ಕಟ್ಟಳೆ ಇನ್ನೊಂದಿದೆ. ಕಣ್ಣು ತೆರೆಸುವವನಿಗೆ ಸೂತಕ ಇರಬಾರದು. ಕುಲದಲ್ಲಿ ಸಾವಾದರೆ ಹತ್ತು ದಿನ ಉಳಿ ಮುಟ್ಟುವಂತಿಲ್ಲ.

ಈ ವಿಷಯದಲ್ಲಿ ದೊಡ್ಡಪ್ಪನದೇ ಒಂದು ಕಥೆಯನ್ನು ನಮ್ಮ ಮನೆಯಲ್ಲಿ ಹೇಳುತ್ತಾರೆ. ಅವರು ಒಂದು ಗುಡಿಯ ವಿಗ್ರಹಕ್ಕೆ ಕಣ್ಣು ತೆರೆಸಲು ಕೂತಿದ್ದಾಗ ಶ್ರೀನಿವಾಸಪುರದ ದಾಯಾದಿಗಳ ಮನೆಯಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದನಂತೆ. ಅವನ ಮುಖ ನೋಡಿದ ಕೂಡಲೇ ದೊಡ್ಡಪ್ಪ, "ಅಲ್ಲೇ ನಿಂತ್ಕೋ, ಬಾಯ್ ತೆಗೀಬೇಡ," ಅಂದರು. ಕಣ್ಣು ಮುಗಿಸಿ, ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಸುರಿದುಕೊಂಡು, ಆಮೇಲೆ ಅವನ ಕಡೆ ತಿರುಗಿ, ಮನೆಯ ತೆಲುಗಿನಲ್ಲಿ "ಇಪ್ಪುಡು ಚೆಪ್ಪು" ಅಂದರಂತೆ, ಈಗ ಹೇಳು ಅಂತ. ಕಿವಿಗೆ ಬಿದ್ದರೆ ತಾನೆ ಸೂತಕ, ಅದಕ್ಕೆ ಮುಂಚೆ ಎಲ್ಲಿಯದು ಅನ್ನುವುದು ಅವರ ವಾದ. ಈ ಕಥೆ ಹೇಳಿ ಎಲ್ಲರೂ ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ಕಣ್ಣಿಗೆ ಗುರುವಾರ ಬೆಳಿಗ್ಗೆ ಅಂತ ಗೊತ್ತಾಗಿತ್ತು. ಪಂಚಾಂಗ ನಮ್ಮೂರಿನದು, ಸೂರ್ಯ ಅವರ ಊರಿನವನು, ಎರಡನ್ನೂ ಹೊಂದಿಸಿ ಇವರೇ ಒಂದು ಮುಹೂರ್ತ ಇಟ್ಟಿದ್ದರು. ಅದಾದ ಮೇಲೆ ಊರಿನವರೆಲ್ಲ ಸೇರಿ ಸಂಭ್ರಮ, ಮರುದಿನ ನಮ್ಮ ವಿಮಾನ. ಬುಧವಾರ ಮಧ್ಯಾಹ್ನ, ಇವರು ಯಜಮಾನಿಯ ಜೊತೆ ಪೀಠ ನೋಡಲು ಹೋಗಿದ್ದಾಗ, ಮಗಳ ಫೋನು ಬಂತು.

"ಅಮ್ಮ, ಅಪ್ಪ ಹತ್ರದಲ್ಲಿದ್ರೆ ಆಚೆ ಬಾ," ಅಂದಳು.

"ಇಲ್ಲ, ಹೇಳು. ನೀನ್ ಚೆನ್ನಾಗಿದೀಯೇನೇ?"

"ನಾನ್ ಚೆನ್ನಾಗಿದೀನಿ. ದೊಡ್ಡತಾತ ಹೋಗ್ಬಿಟ್ರಮ್ಮ. ಊಟ ಮಾಡಿ ಕೈ ತೊಳೀತಾ ಇದ್ರು, ಹಂಗೇ ಕೂತ್ರು." ಅವಳು ಸ್ವಲ್ಪ ಹೊತ್ತು ಅತ್ತಳು. ಆಮೇಲೆ, "ನಾಳೆ ಕಣ್ಣಲ್ವಾ? ಅಪ್ಪಂಗೆ ಹೇಳ್ಬೇಡ. ತಾತಾನೇ ಇದ್ದಿದ್ರೂ ಹೇಳ್ಬೇಡ ಅಂತಿದ್ರು," ಅಂದಳು.

ಫೋನು ಇಟ್ಟು ನಾನು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ಸಾವಿನ ಸುದ್ದಿ ಕೇಳಿದರೆ ತಲೆಗೆ ನೀರು ಹಾಕಿಕೊಳ್ಳಬೇಕು ಅಂತ ಮುಳಬಾಗಿಲಿನಲ್ಲಿ ನನ್ನಜ್ಜಿ ಕಲಿಸಿದ್ದು, ಬುದ್ಧಿಗೆ ಮುಂಚೆ ಕಾಲು ನಡೆಯುತ್ತದೆ. ಸೀರೆ ಸಮೇತ ಷವರಿನ ಕೆಳಗೆ ನಿಂತೆ. ತಲೆಯೆಲ್ಲ ನೆನೆದ ಮೇಲೆ ಬುದ್ಧಿ ಬಂತು. ನಾನು ತಲೆಸ್ನಾನ ಮಾಡುವುದು ಮಂಗಳವಾರ, ಶುಕ್ರವಾರ, ಮದುವೆಯಾದಂದಿನಿಂದ. ಇವತ್ತು ಬುಧವಾರ. ಒರೆಸುತ್ತಾ ನಿಂತಿದ್ದಾಗಲೇ ಇವರು ಒಳಗೆ ಬಂದರು.

"ಏನೇ ಇದು, ಇವತ್ತು ತಲೆಗೆ?"

"ಸೆಕೆ," ಅಂದೆ.

ಅವರು ನನ್ನ ಕೂದಲನ್ನು ನೋಡಿದರು, ಕಿಟಕಿಯ ಮೇಲೆ ಒಣಹಾಕಿದ್ದ ಒದ್ದೆ ಸೀರೆ ನೋಡಿದರು. "ಮಗಳು ಫೋನ್ ಮಾಡಿದ್ಲಾ?" ಅಂದರು.

ಹೂಂ ಅಂದರೆ ನಾನೂ ಮಾತಾಡುತ್ತೇನೆ ಅನ್ನುತ್ತಾರೆ. ಅವಳ ದನಿ ಕೇಳಿದರೆ ಮುಗಿಯಿತು. "ಇಲ್ಲಪ್ಪ, ಇವತ್ತು ಯಾರೂ ಮಾಡಿಲ್ಲ," ಅಂದುಬಿಟ್ಟೆ. ಅವರು ಮತ್ತೆ ಕೇಳಲಿಲ್ಲ. ಸದ್ಯ ಬದುಕಿದೆ ಅಂದುಕೊಂಡೆ.

ಬದುಕುವುದು ಅಷ್ಟು ಸುಲಭವಿರಲಿಲ್ಲ. ನನಗೆ ಸೂತಕ ಬಂದಾಗಿತ್ತು, ಅವರಿಗೆ ಬಂದಿರಲಿಲ್ಲ. ಅಂಗೈಯಗಲದ ಆ ಮನೆಯಲ್ಲಿ ಗಂಡನನ್ನು ಮುಟ್ಟದೆ, ಮುಟ್ಟುತ್ತಿಲ್ಲ ಅಂತ ತಿಳಿಯಗೊಡದೆ ಒಂದು ದಿನ ಕಳೆಯಬೇಕು. ವಯಸ್ಸಿನಲ್ಲಿದ್ದರೆ 'ಹೊರಗಾಗಿದೀನಿ' ಅಂದರೆ ಸಾಕಿತ್ತು. ಈ ವಯಸ್ಸಿನಲ್ಲಿ ಹಾಗಂದರೆ ಆಸ್ಪತ್ರೆಗೆ ಎಳೆದುಕೊಂಡು ಹೋದಾರು. ಬೆನ್ನು ಹಿಡಿದಿದೆ ಅಂತ ಹೇಳಿ ಅಡಿಗೆಯಿಂದ ತಪ್ಪಿಸಿಕೊಂಡೆ. ನನ್ನ ಇಂಗ್ಲಿಷು ಮಾಲೂರು ಬಸ್ ಸ್ಟ್ಯಾಂಡ್ ದಾಟುವುದಿಲ್ಲ, ಆದರೂ ಯಜಮಾನಿಗೆ ಹೇಗೋ ಹೇಳಿ ಇವರಿಗೆ ಬ್ರೆಡ್ಡು, ಸೂಪು ತರಿಸಿದೆ. ಮುದ್ದೆ ಇಲ್ಲದಿದ್ದರೆ ಮನೆ ಹೊತ್ತಿಕೊಂಡಂತೆ ಆಡುವ ಮನುಷ್ಯ ಏನೂ ಅನ್ನದೆ ಬ್ರೆಡ್ಡು ಅಗಿದರು. ನೀರಿನ ಲೋಟ ಕೈಗೆ ಕೊಡುವ ಬದಲು ನೆಲದ ಮೇಲಿಟ್ಟೆ. ಎತ್ತಿಕೊಂಡು ಕುಡಿದರು. ಸಂಜೆ ಉಳಿಗಳ ಮುಂದೆ ದೀಪ ಹಚ್ಚುವುದು ನಾನು. ಹಚ್ಚದೆ ಸುಮ್ಮನೆ ಬೆನ್ನು ಒತ್ತಿಕೊಳ್ಳುತ್ತಾ ಕೂತೆ. ಅವರೇ ಎದ್ದು ಹಚ್ಚಿದರು. ತಮ್ಮ ಫೋನನ್ನು ಆರಿಸಿ ರಾಗಿ ಹಿಟ್ಟಿನ ಚೀಲದೊಳಗೆ ತುರುಕಿದ್ದನ್ನೂ ನೋಡಿದೆ. ಕೆಲಸದ ಧ್ಯಾನ, ಅದಕ್ಕೇ ಹೀಗೆ ಅಂತ ಸಮಾಧಾನ ಮಾಡಿಕೊಂಡೆ. ಒಳಗೆ ಮಾತ್ರ ಹೆದರಿಕೆ. ಒಂದು ಸಲ ತಡೆಯಲಾರದೆ "ರೀ," ಅಂದೆ.

"ನಾಳೆ," ಅಂದರು. "ಏನಿದ್ರೂ ಕಣ್ಣಾದ್ಮೇಲೆ."

ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕೂತಿತ್ತು. ಕನ್ನಡಿಯನ್ನು ಯಜಮಾನಿ ಹಿಡಿಯಲಿ, ನನ್ನ ಕೈ ನಡುಗುತ್ತದೆ ಅಂದೆ. ಯಾಕೆ ಅಂತ ಕೇಳುತ್ತಾರೆಂದು ಉತ್ತರ ಹುಡುಕಿಟ್ಟುಕೊಂಡಿದ್ದೆ. "ಆಗ್ಲಿ," ಅಂದುಬಿಟ್ಟರು. ಆ ಹೆಂಗಸು ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ನಿಂತಳು. ನಾನು ದೂರದಲ್ಲಿ, ಮೆಟ್ಟಿಲ ಹತ್ತಿರ. ಆ ಮೆಟ್ಟಿಲುಗಳು ನೇರ ಹೊಳೆಗೆ ಇಳಿಯುತ್ತವೆ.

ಬಲಗಣ್ಣು ತೆರೆಯಿತು. ಸುತ್ತಿಗೆಯ ಸದ್ದು ಎಷ್ಟು ಸಣ್ಣದೆಂದರೆ, ಕಿವಿಗೊಟ್ಟರೆ ಮಾತ್ರ ಕೇಳುತ್ತಿತ್ತು. ಇವರು ಎಡಗಣ್ಣಿಗೆ ಉಳಿ ಇಟ್ಟರು. ಸುತ್ತಿಗೆ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು.

ಅವರ ಕೈ ನಿಂತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಒಂದು ಏಟು ಜಾರಿದರೆ ಎರಡು ತಿಂಗಳ ಮುಖ ಹಾಳು. ಕಲ್ಲಿಗೆ ತೇಪೆ ಇಲ್ಲ. ಯಜಮಾನಿ ಕನ್ನಡಿಯ ಪಕ್ಕದಿಂದ ನನ್ನ ಕಡೆ ಕಣ್ಣು ಹೊರಳಿಸಿದಳು. ಇವರು ಹಣೆಯನ್ನು ತೋಳಿಗೆ ಒರೆಸಿಕೊಂಡರು, ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಓಡಿಹೋಗಿ ಹೇಳಿಬಿಡಲೇ ಅನ್ನಿಸಿತು. ಏನು ಹೇಳುವುದು? ಹೇಳಿದರೆ ಗಂಗೆಗೆ ಒಂದೇ ಕಣ್ಣು. ಸೆರಗು ಬಾಯಿಗೆ ತುರುಕಿಕೊಂಡು ನಿಂತೆ.

ಆಮೇಲೆ ಸದ್ದು ಮತ್ತೆ ಶುರುವಾಯಿತು, ಸಣ್ಣಗೆ, ಒಂದೇ ಸಮ. ಎಡಗಣ್ಣೂ ತೆರೆಯಿತು.

ಯಜಮಾನಿ ಕನ್ನಡಿ ಇಳಿಸಿ ಅಳಲು ಶುರು ಮಾಡಿದಳು, ಸಂತೋಷಕ್ಕೆ. ಇವರು ಉಳಿ, ಸುತ್ತಿಗೆ ಎರಡನ್ನೂ ವಿಗ್ರಹದ ಪಾದದ ಹತ್ತಿರ ಇಟ್ಟು ನಮಸ್ಕಾರ ಮಾಡಿದರು. ನನ್ನನ್ನು ದಾಟಿಕೊಂಡು, ನನ್ನ ಮುಖ ನೋಡದೆ, ಮೆಟ್ಟಿಲಿಳಿದು ಪಂಚೆ ಸಮೇತ ಹೊಳೆಯೊಳಕ್ಕೆ ನಡೆದರು. ಸೊಂಟದವರೆಗೆ ನೀರು ಬಂದಾಗ ಒಮ್ಮೆ ಮುಳುಗಿ ಎದ್ದರು. ನಾನು ಹಿಂದೆಯೇ ಓಡಿದೆ. ಅವರು ನನ್ನ ಕಡೆ ತಿರುಗಿದರು.

"ಇಪ್ಪುಡು ಚೆಪ್ಪು," ಅಂದರು.

ನಾನು ನೀರಂಚಿನ ಮೆಟ್ಟಿಲ ಮೇಲೆ ನಿಂತುಬಿಟ್ಟೆ.

"ಹೇಳೇ. ಯಾರು?" ಅವರ ಹಲ್ಲು ಕಟಕಟ ಅನ್ನುತ್ತಿತ್ತು. "ಮಗಳಾ?"

ಅಷ್ಟು ಹೊತ್ತಿಗೆ ನನಗೆ ಎಲ್ಲ ಅರ್ಥವಾಯಿತು. ಒದ್ದೆ ತಲೆ ನೋಡಿದ ಗಳಿಗೆಯಲ್ಲೇ ಇವರಿಗೆ ಸಾವು ಅಂತ ತಿಳಿದಿತ್ತು. ಯಾರದು ಅಂತ ತಿಳಿದಿರಲಿಲ್ಲ. ದಿನಾ ತಪ್ಪದೆ ಫೋನು ಮಾಡುವ ಮಗಳು ಇವತ್ತು ಮಾಡಿಲ್ಲ ಅಂತ ನಾನೇ ಹೇಳಿದ್ದೆ.

"ಅಯ್ಯೋ, ಇಲ್ಲಾರೀ! ಅವಳು ಚೆನ್ನಾಗಿದಾಳೆ, ಅವಳೇ ಫೋನ್ ಮಾಡಿದ್ದು. ದೊಡ್ಡ ಮಾವ. ದೊಡ್ಡ ಮಾವ ಹೋಗ್ಬಿಟ್ರು."

"ದೊಡ್ಡಪ್ಪನಾ," ಅಂದರು. ಅವರ ಮುಖ ಒಂದು ಕ್ಷಣ ಅರಳಿತು. ಅರಳಿದ್ದು ಅವರಿಗೇ ತಿಳಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನೀರಿನಲ್ಲಿ ನಿಂತೇ ಬಿಕ್ಕಿ ಬಿಕ್ಕಿ ಅತ್ತರು. ಮೇಲೆ ಅಂಗಳದಲ್ಲಿ ಜನ ಸೇರುತ್ತಿದ್ದರು, ಯಾರೋ ವಾದ್ಯ ಶ್ರುತಿ ಮಾಡಿಕೊಳ್ಳುತ್ತಿದ್ದರು.

ನನಗೆ ಕೆಟ್ಟ ಕೋಪ ಬಂತು. ನನ್ನ ಮೇಲೋ ಅವರ ಮೇಲೋ, ಇಬ್ಬರ ಮೇಲೂ ಇರಬೇಕು. "ಎಂಥ ಮನುಷ್ಯರ್ರೀ ನೀವು? ಮಗಳೇ ಹೋಗಿದಾಳೆ ಅಂದ್ಕೊಂಡು ಕಲ್ಲು ಕೆತ್ತಿದ್ರಾ? ಒಂದ್ ಮಾತು ಕೇಳ್ಬಾರ್ದಿತ್ತಾ?"

ಅವರು ಮುಖದಿಂದ ಕೈ ತೆಗೆಯಲಿಲ್ಲ. "ಕೇಳಿದ್ರೆ ನೀನ್ ಹೇಳ್ಬಿಡ್ತಿದ್ದೆ," ಅಂದರು. "ಕಲ್ಲಿಗೋಸ್ಕರ ಅಲ್ಲ ಕಣೇ. ಕಿವಿಗೆ ಬೀಳೋವರ್ಗೂ ಅವಳು ಇರ್ತಾಳಲ್ಲ ಅಂತ."

ನಾನು ಸೀರೆ ಎತ್ತಿಕಟ್ಟದೆ ಹಾಗೇ ನೀರಿಗಿಳಿದೆ. ಹೊಳೆ ತಣ್ಣಗಿತ್ತು, ಕಾಲ ಕೆಳಗೆ ಕಲ್ಲು ಜಾರುತ್ತಿತ್ತು. ಈಗ ಇಬ್ಬರಿಗೂ ಸೂತಕ. ಅವರ ಕೈ ಹಿಡಿದುಕೊಂಡೆ.