ನಸರಿ ಗೂಡಿಗೆ ಬಂದ ಜೋಳಿಗೆಯ ಅಯ್ಯ

ಪ್ಲೇಗಿನ ವರ್ಷ ಮಸಗುಪ್ಪಿ ಊರಿಗೆ ಊರೇ ಹೊಲದ ಗುಡಿಸಲು ಸೇರಿತ್ತು. ಗಂಡನನ್ನು ಅಲ್ಲೇ ಮಣ್ಣು ಮಾಡಿ ಸುಂದ್ರವ್ವ ಮರಳಿದಾಗ, ಬೀಗ ಬಿದ್ದ ಮನೆಯಲ್ಲಿ ಜೀವ ಅಂತ ಇದ್ದದ್ದು ಗೋಡೆಯ ಬಿರುಕಿನ ನಸರಿ ಜೇನು ಮಾತ್ರ. ನೊಣಕ್ಕಿಂತ ಸಣ್ಣ, ಚುಚ್ಚಲು ಮುಳ್ಳೇ ಇಲ್ಲದ ಪಾಪದ ಹುಳ. ಮೂವತ್ತು ವರ್ಷ ಆ ಬಿರುಕಿನಷ್ಟು ಜಾಗ ಬಿಟ್ಟೇ ಗೋಡೆ ಸಾರಿಸಿದಳು. ಮಕ್ಕಳ ಕೆಮ್ಮಿಗೆ ಹನಿ ಜೇನು ಕೇಳಿಕೊಂಡು ಮೂಡಲಗಿಯಿಂದಲೂ ಜನ ಬರುತ್ತಿದ್ದರು. "ನಮ್ಮ ಮನಿ ಮಂದೀನ್ನ ಕೇಳಿ ಕೊಡತೀನಿ, ಕುಂದರ್ರಿ" ಅಂದು ಗೂಡಿನ ಕಡೆ ತಿರುಗುವಳು.

ಒಂದು ಬೇಸಿಗೆ, ಗೂಡಿನ ಮೇಣದ ಬಾಯಿಯ ಪಕ್ಕ ಬೇರೊಂದು ಹುಳ ಬಂದು ಕೂತಿತು. ಮೈಗೆ ಬೂದಿಯಂಥ ಧೂಳು, ಬೆನ್ನ ಮೇಲೆ ಗಂಟು. ಮಬ್ಬುಗಣ್ಣಿನ ಸುಂದ್ರವ್ವನಿಗೆ ಜೋಳಿಗೆ ಹೊತ್ತ ಅಯ್ಯನೇ ಕಂಡ. ಬಾಗಿಲಿಗೆ ಬಂದ ಜಂಗಮನನ್ನು ಹೋಗೆಂದವರು ಅವಳ ಮನೆತನದಲ್ಲೇ ಇಲ್ಲ.

ಪಕ್ಕದ ಮನೆಯ ಕುರುಬರ ಕೆಂಚವ್ವ ಮೂಗು ಮುರಿದಳು. "ಯಕ್ಕಾ, ಕಸಬರಗಿಲೆ ಕೆಡವಬಾರದೇನ ಅದನ್ನ? ಕಳ್ಳನ ಮಾರಿ ಐತಿ."

"ಬಾಯಿ ತೊಳಕೋ ಹೋಗ. ನಿಮ್ಮ ಕುರಿಗಿದ್ದಷ್ಟು ಬುದ್ಧಿ ನಿನಗಿಲ್ಲ. ಅಯ್ಯಾರು ಭಿಕ್ಷಾಕ ಬಂದಾರ."

"ಭಿಕ್ಷಾಕ ಬಂದವರು ಹೋಗತಾರವಾ. ಇವರು ಎಂಟು ದಿನದಿಂದ ಕುಂತಾರ!"

ಗೂಡಿನ ಸದ್ದು ದಿನದಿನಕ್ಕೆ ಇಳಿಯಿತು. ಬಿಸಿಲಿನ ಝಳಕ್ಕೇ ಹೀಗಾಗಿದೆಯೆಂದು ಸುಂದ್ರವ್ವ ಬಟ್ಟಲಲ್ಲಿ ನೀರಿಟ್ಟಳು. ಇಡುವಾಗ ಮುಖ ಗೋಡೆಗೆ ಹತ್ತಿರವಾಯಿತು. ಆಗಲೇ ಒಂದು ನಸರಿ ಹೊರಗೆ ಇಣುಕಿತು. ಅಯ್ಯನ ಮುಂಗಾಲು ಚಿಮ್ಮಿತು. ಸೂಜಿಯಂಥ ಮೂತಿ ಅದರ ಕುತ್ತಿಗೆಗೆ ಇಳಿಯಿತು, ಹೀರಿತು. ಹಿಂಗಾಲುಗಳು ಬರಿದಾದ ಹೆಣವನ್ನೆತ್ತಿ ಬೆನ್ನ ಗಂಟಿಗೆ ಸೇರಿಸಿದವು.

ಸುಂದ್ರವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಆ ಗಂಟಿನ ತುಂಬ ರೆಕ್ಕೆಗಳು. ಅವಳ ಮನೆ ಮಂದಿಯ ರೆಕ್ಕೆಗಳು.

ಬರಿಗೈಯಿಂದಲೇ ಅದನ್ನು ಹಿಡಿದಳು. ಕಾದ ದಬ್ಬಣ ಹೊಕ್ಕಂತೆ ಬೆರಳಿಗೆ ಕಚ್ಚಿತು. "ಯವ್ವಾ!" ಚೀರುತ್ತಲೇ ಹೊಸಕಿ ಹಾಕಿದಳು. ಕೈ ತಗುಲಿ ಗೋಡೆಯ ಹಕ್ಕಳೆ ಉದುರಿತು. ಅದರಡಿ ಐದಾರು ಮರಿಗಳು, ಪ್ರತಿಯೊಂದರ ಬೆನ್ನ ಮೇಲೂ ಪುಟ್ಟ ಗಂಟು.

"ಕೆಂಚೀ, ಓಡಿ ಬಾ! ನಾನ ಕಾವಲ ಕುಂತು ಕೊಲ್ಲಿಸೀನಿ!"

ಕೆಂಚವ್ವ ಬಂದು ನೋಡಿದಳು. ಇಬ್ಬರೂ ಸೇರಿ ಮರಿಗಳನ್ನೆಲ್ಲ ಹೆಕ್ಕಿ ಒಲೆಗೆ ಹಾಕಿದರು.

"ಹೊರಗ ಬರ್ರಿ, ಯಾರೂ ಇಲ್ಲ" ಎಂದು ಸುಂದ್ರವ್ವ ಗೋಡೆಗೆ ಹೇಳುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಒಂದು ನಸರಿ ಬಂತು. ಇನ್ನೊಂದು. ಮೂರನೆಯದಕ್ಕಾಗಿ ಹೊತ್ತು ಮುಳುಗುವ ತನಕ ಕಾದರು.

"ಇಷ್ಟ ಮಂದಿ ಉಳದೀರೇನ?" ಅಂದಳು ಸುಂದ್ರವ್ವ, ಬಾತ ಬೆರಳನ್ನು ಸೆರಗಿನಲ್ಲಿ ಹಿಡಿದುಕೊಂಡು.